ಗುರುವಾರದ ಬೆಲ್

ಚೋಟಿ ಖಾಲಿ ಡಬ್ಬಿಯನ್ನು ಮೂರನೇ ಸಲ ತೊಳೆಯುತ್ತಿದ್ದಳು.

"ಇನ್ನೂ ಎಷ್ಟು ತೊಳೀತೀಯಾ? ಡಬ್ಬಿ ಸವೆದು ಹೋಗುತ್ತೆ!" ಎಂದು ಹಿಂದೆ ನಿಂತಿದ್ದ ಹುಡುಗ ಕೂಗಿದ. ಪಾಪ, ಅವನಿಗೆ ಬಾಯಾರಿಕೆ. ಚೋಟಿ ಪಕ್ಕಕ್ಕೆ ಸರಿದಳು. ಅಂಗಳದ ಆ ತುದಿಯಲ್ಲಿದ್ದ ನಲ್ಲಿಗೆ ಹೋಗಿ ನಾಲ್ಕನೇ ಸಲ ತೊಳೆದಳು.

ಊಟ ಮಾಡಲು ಹತ್ತು ನಿಮಿಷ ಸಾಕು. ಊಟದ ಬಿಡುವು ಮಾತ್ರ ನಲವತ್ತೈದು ನಿಮಿಷ. ಮಿಕ್ಕ ಮೂವತ್ತೈದು ನಿಮಿಷ ಒಬ್ಬಳೇ ಏನು ಮಾಡುವುದು? ಸುಮ್ಮನೆ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ, ಇವಳ ಜೊತೆ ಯಾರೂ ಇಲ್ಲ ಅಂತ. ಕೈಯಲ್ಲಿ ಡಬ್ಬಿ, ಮುಂದೆ ನೀರು ಇದ್ದರೆ ಏನೋ ಕೆಲಸ ಇದ್ದ ಹಾಗೆ ಕಾಣುತ್ತದೆ.

ಅವಳು ಈ ಶಾಲೆಗೆ ಸೇರಿ ಒಂದೂವರೆ ತಿಂಗಳಾಗಿತ್ತು, ಅದೂ ವರ್ಷದ ಮಧ್ಯದಲ್ಲಿ. ಅಮ್ಮನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಸಿಕ್ಕಿತ್ತು. ಇವಳು ಬರುವಷ್ಟರಲ್ಲಿ ತರಗತಿಯಲ್ಲಿ ಜೋಡಿಗಳೆಲ್ಲ ಆಗಿಹೋಗಿದ್ದವು. ಹಾಜರಿ ಪುಸ್ತಕದ ಕೊನೆಯಲ್ಲಿ ಇವಳ ಹೆಸರನ್ನು ಬೇರೆ ಶಾಯಿಯಲ್ಲಿ ಬರೆದಿದ್ದರು. ಮೊದಲ ದಿನ ಯಾರೋ 'ನ್ಯೂ ಅಡ್ಮಿಷನ್' ಅಂದರು. ಅದೇ ಹೆಸರು ಅಂಟಿಕೊಂಡಿತು. ಹುಟ್ಟಿದಾಗ ಚೋಟುದ್ದ ಇದ್ದದ್ದಕ್ಕೆ ಮನೆಯಲ್ಲಿ ಅವಳನ್ನು ಚೋಟಿ ಅಂತಾರೆ ಎಂಬುದು ಶಾಲೆಯಲ್ಲಿ ಒಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಆ ಒಬ್ಬರು ಲ್ಯಾಬ್ ಅಕ್ಕ. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು. ಬಿಡುವಿನಲ್ಲಿ ಚೋಟಿ ಲ್ಯಾಬಿನ ಬಾಗಿಲಲ್ಲಿ ಇಣುಕಿದರೆ, "ಬಾ ಮರಿ, ಮೌಸ್‌ಗಳ ಧೂಳು ಒರೆಸು" ಅನ್ನುತ್ತಿದ್ದರು. ಅಷ್ಟೇ ಸಾಕಿತ್ತು ಅವಳಿಗೆ. ಆದರೆ ಗುರುವಾರ ಬಂತೆಂದರೆ ಅಕ್ಕ ದೊಡ್ಡ ಮಕ್ಕಳ ಶಾಲೆಗೆ ಹೋಗುತ್ತಿದ್ದರು. ಆ ಶಾಲೆ ಇದ್ದದ್ದು ಎರಡು ಬೀದಿ ಆಚೆ. ಲ್ಯಾಬಿಗೆ ಬೀಗ. ಗುರುವಾರ ಅಂದರೆ ಚೋಟಿಗೆ ಡಬ್ಬಿ ತೊಳೆಯುವ ದಿನ.

*

ಮುಂದಿನ ಬುಧವಾರ ಚೋಟಿ ಧೂಳು ಒರೆಸುತ್ತಾ ಲ್ಯಾಬಿನ ಮೂಲೆಗೆ ಬಂದಳು. ಅಲ್ಲೊಂದು ಹಳೇ ಕಂಪ್ಯೂಟರ್ ಇತ್ತು. ಅದನ್ನು ಯಾವತ್ತೂ ಆಫ್ ಮಾಡುತ್ತಿರಲಿಲ್ಲ.

"ಅಕ್ಕ, ಇದರಲ್ಲಿ ಗೇಮ್ ಇದೆಯಾ?"

"ಇದರಲ್ಲಾ? ಇದು ನಮ್ಮ ಶಾಲೆಯ ಬೆಲ್ ಹೊಡೆಯೋ ಮಾವ ಕಣೇ!" ಅಕ್ಕ ಕುರ್ಚಿ ಎಳೆದುಕೊಂಡು ಬಂದರು. "ಇದನ್ನು ನಡೆಸೋದು ಲಿನಕ್ಸ್ ಅನ್ನೋ ಸಾಫ್ಟ್‌ವೇರ್. ಅದರೊಳಗೆ ಕ್ರಾನ್ ಅಂತ ಒಬ್ಬ ಇದ್ದಾನೆ. ನಿಮಿಷಕ್ಕೊಂದು ಸಲ ಎದ್ದು, ಈಗ ನನಗೇನಾದರೂ ಕೆಲಸ ಇದೆಯಾ ಅಂತ ಪಟ್ಟಿ ನೋಡ್ತಾನೆ. ಇದ್ದರೆ ಮಾಡ್ತಾನೆ, ಇಲ್ಲದಿದ್ದರೆ ಮತ್ತೆ ಮಲಗ್ತಾನೆ."

"ಮಾತಾಡಲ್ವಾ?"

"ತುಟಿ ಪಿಟಕ್ ಅನ್ನಲ್ಲ."

ಅಕ್ಕ ಪಟ್ಟಿ ತೆರೆದು ತೋರಿಸಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು. ಒಂದು ಸಾಲು ಹೀಗೆ ಶುರುವಾಗುತ್ತಿತ್ತು: 15 13 * * 1-5.

"ಐದು ಮನೆ ಇವೆ ನೋಡು," ಎಂದು ಅಕ್ಕ ಪೆನ್ಸಿಲ್‌ನಿಂದ ಒಂದೊಂದನ್ನೇ ಮುಟ್ಟಿದರು. "ಮೊದಲನೇ ಮನೆ ನಿಮಿಷ. ಎರಡನೇದು ಗಂಟೆ. ಮೂರನೇದು ತಾರೀಖು. ನಾಲ್ಕು, ತಿಂಗಳು. ಐದು, ವಾರ. ಸೋಮವಾರ ಅಂದ್ರೆ ಒಂದು, ಮಂಗಳವಾರ ಎರಡು, ಹಾಗೇ. ಸ್ಟಾರ್ ಹಾಕಿದರೆ ಯಾವುದಾದರೂ ಸರಿ ಅಂತ ಅರ್ಥ. ಈಗ ಓದು."

ಚೋಟಿ ತುಟಿ ಕಚ್ಚಿಕೊಂಡು ಓದಿದಳು. "ಹದಿನೈದು ನಿಮಿಷ... ಹದಿಮೂರು ಗಂಟೆ ಅಂದ್ರೆ ಮಧ್ಯಾಹ್ನ ಒಂದು. ಒಂದೂ ಕಾಲು! ತಾರೀಖು ಯಾವುದಾದರೂ ಸರಿ, ತಿಂಗಳೂ ಯಾವುದಾದರೂ ಸರಿ, ಸೋಮವಾರದಿಂದ ಶುಕ್ರವಾರ. ಅಕ್ಕ, ಇದು ಊಟದ ಬಿಡುವು ಮುಗಿಯೋ ಬೆಲ್!"

"ಭೇಷ್! ನಮ್ಮ ಪಿ.ಟಿ. ಸರ್‌ಗೆ ಮೂರು ಸಲ ಹೇಳಿಕೊಟ್ಟರೂ ತಲೆಗೆ ಹೋಗಲಿಲ್ಲ."

ಸಾಲಿನ ಮುಂದಿನ ಭಾಗವನ್ನೂ ಅಕ್ಕ ಬಿಡಿಸಿ ಹೇಳಿದರು. ಐದು ಮನೆ ಆದ ಮೇಲೆ ಯಾರ ಹೆಸರಿನಲ್ಲಿ ಕೆಲಸ ಆಗಬೇಕು ಅಂತ ಬರೆಯಬೇಕು, ಅದಾದ ಮೇಲೆ ಏನು ಕೆಲಸ ಅಂತ. ಈ ದೊಡ್ಡ ಪಟ್ಟಿಯ ಪಕ್ಕದಲ್ಲೇ ಒಂದು ಫೋಲ್ಡರ್ ಇದೆ. ಅದರಲ್ಲಿ ಬೇರೆ ಫೈಲ್ ಇಟ್ಟರೂ ಕ್ರಾನ್ ಅದನ್ನೂ ಓದಿಕೊಳ್ಳುತ್ತಾನೆ. "ನಾನು ಆ ಕಡೆ ತಲೆ ಹಾಕಲ್ಲ. ಒಂದೇ ಪಟ್ಟಿ, ಒಂದೇ ತಲೆನೋವು," ಎಂದು ಅಕ್ಕ ನಕ್ಕರು.

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಮಾತಾಡುತ್ತಾ ವರಾಂಡಕ್ಕೆ ಹೋದರು.

ಪರದೆ ತೆರೆದೇ ಇತ್ತು. ನಾಳೆ ಗುರುವಾರ, ಹನ್ನೆರಡನೇ ತಾರೀಖು. ನಾಳೆ ಮತ್ತೆ ಡಬ್ಬಿ, ಮತ್ತೆ ನಲ್ಲಿ. ಕಾಲು ಗಂಟೆ ಮೊದಲೇ ಬೆಲ್ ಆದರೆ? ನಾಳೆ ಒಂದೇ ಒಂದು ದಿನ? ಕ್ಲಾಸಿನಲ್ಲಿ ಕೂತರೆ ಯಾರೂ ಒಬ್ಬಂಟಿ ಅಲ್ಲ. ಎಲ್ಲರೂ ಬೋರ್ಡ್ ನೋಡುತ್ತಿರುತ್ತಾರೆ, ಅಷ್ಟೇ.

ಅಕ್ಕನ ಪಟ್ಟಿಯಲ್ಲಿ ಒಂದು ಅಕ್ಷರವನ್ನೂ ಅವಳು ಮುಟ್ಟಲಿಲ್ಲ. ಪಕ್ಕದ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡಿ, ಇಂಗ್ಲಿಷ್ ಅಕ್ಷರಗಳಲ್ಲಿ 'ನಾಳೆ' ಅಂತ ಹೆಸರಿಟ್ಟಳು. ಅಕ್ಕನ ಸಾಲನ್ನೇ ನಕಲು ಮಾಡಿ ಅಂಕಿಗಳನ್ನು ಬದಲಿಸಿದಳು. ನಿಮಿಷ ಸೊನ್ನೆ, ಗಂಟೆ ಹದಿಮೂರು. ತಾರೀಖಿನ ಮನೆಯಲ್ಲಿ ಹನ್ನೆರಡು. ವಾರದ ಮನೆ? ತಪ್ಪಿಹೋಗಬಾರದು ಅಂತ ಅಲ್ಲೂ ಬರೆದಳು, ಗುರುವಾರದ ನಾಲ್ಕು. ಹನ್ನೆರಡನೇ ತಾರೀಖೂ ಆಗಿರಬೇಕು, ಗುರುವಾರವೂ ಆಗಿರಬೇಕು. ಅಂದರೆ ನಾಳೆ ಮಾತ್ರ. ಪಕ್ಕಾ.

ಅಕ್ಕ ವಾಪಸ್ ಬಂದಾಗ ಚೋಟಿ ಮೌಸ್ ಒರೆಸುತ್ತಿದ್ದಳು.

*

ಮರುದಿನ ಸರಿಯಾಗಿ ಒಂದು ಗಂಟೆಗೆ ಬೆಲ್ ಹೊಡೆಯಿತು.

ಅಂಗಳದಲ್ಲಿ ಎಲ್ಲರೂ ಗೊಂಬೆಗಳ ಹಾಗೆ ನಿಂತುಬಿಟ್ಟರು. ಅರ್ಧ ತಿಂದ ಬ್ರೆಡ್ಡು, ಅರ್ಧ ಆಡಿದ ಆಟ. "ಸರ್, ಇನ್ನೂ ಒಂದು ಗಂಟೆ ಸರ್!" ಎಂದು ಯಾರೋ ಹೇಳಿದರು. ಪಿ.ಟಿ. ಸರ್ ಕೈಗಡಿಯಾರ ನೋಡಿಕೊಂಡರು, ಬೆಲ್ ಕೇಳಿಬಂದ ಸ್ಪೀಕರ್ ನೋಡಿದರು, ಮತ್ತೆ ಗಡಿಯಾರ ನೋಡಿದರು. "ಬೆಲ್ ಅಂದರೆ ಬೆಲ್! ಒಳಗೆ, ಒಳಗೆ!"

ಒಂದೂ ಕಾಲಿಗೆ ಮತ್ತೊಂದು ಬೆಲ್ ಆಯಿತು. ಪಾಠದ ಮಧ್ಯೆ ಮಕ್ಕಳೆಲ್ಲ ಹೋ ಎಂದು ನಕ್ಕರು. ಮಿಸ್ ಕೂಡ ನಕ್ಕುಬಿಟ್ಟರು. ಚೋಟಿ ಕಿಟಕಿಯ ಪಕ್ಕದ ತನ್ನ ಜಾಗದಲ್ಲಿ ಕೂತು ಎಲ್ಲರ ಜೊತೆ ನಕ್ಕಳು. ಎಲ್ಲರ ಜೊತೆ! ಎಷ್ಟು ದಿನ ಆಗಿತ್ತು.

ಶುಕ್ರವಾರ ಹೆಡ್ ಮೇಡಂ ಹೇಳಿದ್ದಕ್ಕೆ ಅಕ್ಕ ಪಟ್ಟಿ ತೆರೆದು ಮೇಲಿನಿಂದ ಕೆಳಗೆ ನೋಡಿದರು. "ಎಲ್ಲಾ ಸರಿಯಾಗೇ ಇದೆಯಲ್ಲ! ಮುದಿ ಮಷಿನ್‌ಗೆ ಅರಳುಮರಳು" ಎಂದು ತಲೆ ಕೆರೆದುಕೊಂಡರು. ಚೋಟಿ ಪಕ್ಕದಲ್ಲೇ ಮೌಸ್ ಒರೆಸುತ್ತಲೇ ಇದ್ದಳು. ಹನ್ನೆರಡು ಮುಗಿಯಿತು, ಗುರುವಾರ ಮುಗಿಯಿತು. ಇನ್ನು ಆ ಫೈಲ್ ಇದ್ದರೇನು, ಬಿಟ್ಟರೇನು?

*

ಮುಂದಿನ ಗುರುವಾರ ಹತ್ತೊಂಬತ್ತನೇ ತಾರೀಖು. ಚೋಟಿ ಡಬ್ಬಿಯನ್ನು ಎರಡನೇ ಸಲ ತೊಳೆಯುತ್ತಿದ್ದಳು.

ಒಂದು ಗಂಟೆ. ಬೆಲ್.

ಡಬ್ಬಿಯ ಮುಚ್ಚಳ ಕೈಜಾರಿ ಠಣ್ ಎಂದು ಕೆಳಗೆ ಬಿತ್ತು. ಇವತ್ತು ಹನ್ನೆರಡು ಅಲ್ಲವಲ್ಲ! ಯಾಕೆ ಹೊಡೀತು? ಮಕ್ಕಳು ಗೊಣಗುತ್ತಾ ಸಾಲು ಮಾಡಿದರು. ಪಿ.ಟಿ. ಸರ್‌ದು ಒಂದು ಪದ್ಧತಿ. ಕೊನೆಯವರು ಒಳಗೆ ಹೋಗುವವರೆಗೂ ಬಾಗಿಲಲ್ಲೇ ನಿಂತು, ಆಮೇಲೆ ತಾವೇ ಬಾಗಿಲು ಹಾಕುತ್ತಾರೆ.

ಅವತ್ತು ಒಬ್ಬಳು ಮಾತ್ರ ಬರಲಿಲ್ಲ. ಚೋಟಿಯ ತರಗತಿಯವಳೇ, ಎರಡು ಜಡೆಯ ಹುಡುಗಿ. ರಸ್ತೆ ಕಡೆಯ ತಂತಿ ಬೇಲಿ ಹಿಡಿದುಕೊಂಡು ನಿಂತಿದ್ದಳು. "ಸರ್, ಐದೇ ನಿಮಿಷ ಸರ್. ಪ್ಲೀಸ್ ಸರ್."

"ಬೆಲ್ ಕೇಳಿಸಲಿಲ್ವಾ? ನಡಿ."

"ಹೋದ ವಾರಾನೂ ಹೀಗೇ ಆಯ್ತು ಸರ್..."

ಸರ್ ಅವಳ ಬೆನ್ನ ಮೇಲೆ ಕೈಯಿಟ್ಟು ಕರೆದುಕೊಂಡು ಬಂದರು. ಅವಳು ನಡೆಯುವಾಗಲೂ ಕುತ್ತಿಗೆ ಹಿಂದಕ್ಕೇ ತಿರುಗಿತ್ತು.

ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ಚೋಟಿ ಕಿಟಕಿಯ ಹೊರಗೆ ನೋಡಿದಳು. ಬೇಲಿಯ ಆಚೆ ಸ್ಟಾಪಿನಲ್ಲಿ ಒಂದು ದೊಡ್ಡ ಬಸ್ಸು ಬಂದು ನಿಂತಿತು. ಮೈತುಂಬ ಧೂಳು. ಡ್ರೈವರ್ ಇಳಿದು, ಕೂದಲನ್ನು ಕೈಯಲ್ಲೇ ಸರಿಮಾಡಿಕೊಂಡು ಬೇಲಿಯ ಹತ್ತಿರ ಬಂದರು. ಅಂಗಳ ಖಾಲಿ. ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಬೇಲಿಗೆ ಒರಗಿ ನಿಂತರು. ಕೈಯಲ್ಲಿ ಒಂದು ಪೊಟ್ಟಣವಿತ್ತು. ಆಗಾಗ ಅದನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದರು. ಒಂದೂ ಕಾಲಿಗೆ ಎರಡನೇ ಬೆಲ್ ಹೊಡೆದಾಗ ಅವರು ಬಾಗಿಲ ಕಡೆ ತಟ್ಟನೆ ತಿರುಗಿದರು. ಯಾರೂ ಹೊರಗೆ ಬರಲಿಲ್ಲ. ಕಂಡಕ್ಟರ್ ಸೀಟಿ ಊದಿದರು. ಡ್ರೈವರ್ ಪೊಟ್ಟಣವನ್ನು ಮತ್ತೆ ಬಸ್ಸಿಗೇ ತೆಗೆದುಕೊಂಡು ಹೋದರು.

ಎರಡು ಜಡೆಯ ಜಾಗ ಗೋಡೆಯ ಪಕ್ಕ. ಅಲ್ಲಿಂದ ರಸ್ತೆ ಕಾಣುವುದಿಲ್ಲ. ಅವಳು ಡೆಸ್ಕಿನ ಮೇಲೆ ತಲೆಯಿಟ್ಟಿದ್ದಳು.

"ಯಾಕೆ ಅವಳು ಹಾಗೆ?" ಚೋಟಿ ಪಕ್ಕದವನನ್ನು ಪಿಸುಮಾತಿನಲ್ಲಿ ಕೇಳಿದಳು. ಅವನಿಗೆ ಎಲ್ಲರೂ ರೇಡಿಯೋ ಅಂತಾರೆ. ತರಗತಿಯ ಸುದ್ದಿಯೆಲ್ಲ ಅವನ ಬಾಯಲ್ಲೇ.

"ಗೊತ್ತಿಲ್ವಾ? ಅವರಪ್ಪ ದೂರದ ಬಸ್ ಓಡಿಸ್ತಾರೆ. ಅವಳು ಇರೋದು ಅಜ್ಜಿ ಮನೇಲಿ. ಗುರುವಾರ ಮಾತ್ರ ಈ ರೂಟು. ಇಲ್ಲಿ ಹತ್ತು ನಿಮಿಷ ನಿಲ್ಲಿಸ್ತಾರೆ, ಅವಳ ಜೊತೆ ಮಾತಾಡೋಕೆ. ವಾರಕ್ಕೆ ಅಷ್ಟೇ. ಈ ಹಾಳು ಬೆಲ್‌ನಿಂದ ಎರಡು ವಾರ ಆಯ್ತು, ಸಿಕ್ಕೇ ಇಲ್ಲ."

ಆಮೇಲೆ ಮಿಸ್ ಏನು ಪಾಠ ಮಾಡಿದರೋ ಚೋಟಿಗೆ ಕೇಳಿಸಲೇ ಇಲ್ಲ.

ಸಂಜೆ ಅಮ್ಮ ಕೇಳಿದಳು, "ಇವತ್ತು ಯಾರ ಜೊತೆ ಊಟ ಮಾಡಿದೆ ಚೋಟಿ?"

"ಎಲ್ಲರ ಜೊತೆ."

"ನೋಡಿದ್ಯಾ? ನಾನು ಹೇಳಲಿಲ್ವಾ, ಫ್ರೆಂಡ್ಸ್ ಆಗ್ತಾರೆ ಅಂತ!" ಅಮ್ಮನ ಮುಖ ಅರಳಿತು. ಚೋಟಿಗೆ ಅಳು ಬಂದ ಹಾಗಾಗಿ ಸ್ನಾನದ ಮನೆಗೆ ಹೋಗಿ ಸುಮ್ಮನೆ ಮುಖ ತೊಳೆದಳು.

ಅಕ್ಕನಿಗೆ ಹೇಳಿದರೆ ಬೆಲ್ ಸರಿಯಾಗುತ್ತದೆ. ಆದರೆ ಅಕ್ಕ ಮತ್ತೆ "ಬಾ ಮರಿ" ಅನ್ನುತ್ತಾರಾ? ಲ್ಯಾಬ್ ತಪ್ಪಿದರೆ ವಾರದ ಐದು ದಿನವೂ ಗುರುವಾರವೇ. ಹೇಳದೆ ಇದ್ದರೆ ಮುಂದಿನ ವಾರ ಆ ಡ್ರೈವರ್ ಮತ್ತೆ ಬಂದು ಬೇಲಿಯ ಹತ್ತಿರ ನಿಲ್ಲುತ್ತಾರೆ.

*

"ಅಕ್ಕ, ಆ ಬೆಲ್ ನಾನು ಹಾಕಿದ್ದು."

ಶುಕ್ರವಾರ ಲ್ಯಾಬಿನ ಬಾಗಿಲಲ್ಲಿ ನಿಂತೇ ಹೇಳಿದಳು. ಒಳಗೆ ಬಂದು ಹೇಳಲು ಹೋದರೆ ಧೈರ್ಯ ಸೋರಿಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಅಕ್ಕನ ಕೈಯಲ್ಲಿದ್ದ ವೈರ್ ಹಾಗೇ ನಿಂತಿತು. "ಏನಂದೆ?"

ಚೋಟಿ ಎಲ್ಲ ಹೇಳಿದಳು. ಅಕ್ಕ ಎದ್ದು ಹೋಗಿ ಆ ಫೋಲ್ಡರ್ ತೆರೆದರು. "ಇಲ್ಲೊಂದು 'ನಾಳೆ' ಕೂತಿದೆಯಲ್ಲ! ನಾನು ಇಡೀ ವಾರ ಮಷಿನ್‌ಗೆ ಬೈದೆ."

"ಒಂದೇ ದಿನ ಅಂತ ಬರೆದಿದ್ದೆ ಅಕ್ಕ. ಹನ್ನೆರಡೂ ಆಗಿರಬೇಕು, ಗುರುವಾರವೂ ಆಗಿರಬೇಕು ಅಂತ."

ಅಕ್ಕ ಸಾಲನ್ನು ಎರಡು ಸಲ ಓದಿದರು. "ಅಲ್ಲೇ ಎಡವಿದ್ದೀಯ. ತಾರೀಖು, ವಾರ ಎರಡು ಮನೇಲೂ ಅಂಕಿ ಬರೆದರೆ ಕ್ರಾನ್ ಎರಡೂ ಕೂಡಿ ಬರಲಿ ಅಂತ ಕಾಯಲ್ಲ. ಎರಡರಲ್ಲಿ ಯಾವುದು ಸಿಕ್ಕರೂ ಸಾಕು, ಹೊಡೆದುಬಿಡ್ತಾನೆ. ಒಂದು ಮನೇಲಿ ಸ್ಟಾರ್ ಇದ್ದರೆ ಮಾತ್ರ ಇನ್ನೊಂದನ್ನಷ್ಟೇ ನೋಡ್ತಾನೆ."

"ಹಾಗಾದ್ರೆ ಪ್ರತಿ ಗುರುವಾರ..."

"ಪ್ರತಿ ಗುರುವಾರ. ಅದು ಸಾಲದು ಅಂತ ಪ್ರತಿ ತಿಂಗಳು ಹನ್ನೆರಡನೇ ತಾರೀಖು. ಅದು ಭಾನುವಾರ ಬಂದರೂ, ಶಾಲೇಲಿ ನರಪಿಳ್ಳೆ ಇಲ್ಲದಿದ್ದರೂ ಹೊಡೀತಾ ಇರ್ತಿದ್ದ. ಯಾರಾದರೂ ಅಳಿಸೋವರೆಗೂ." ಅಕ್ಕ ಉಸಿರು ಬಿಟ್ಟರು. "ನನ್ನದೂ ತಪ್ಪಿದೆ. ಸ್ಕ್ರೀನ್ ತೆರೆದಿಟ್ಟು ಹೋಗಬಾರದಿತ್ತು. ಆದರೆ ಯಾಕೆ ಮರಿ? ಹದಿನೈದು ನಿಮಿಷದಲ್ಲಿ ನಿನಗೇನು ಸಿಗುತ್ತೆ?"

ಚೋಟಿ ನೆಲ ನೋಡಿದಳು. "ಗುರುವಾರ ನೀವು ಇರಲ್ಲ," ಎಂದಳು.

ಅಕ್ಕ ತಮ್ಮ ಕುರ್ಚಿ ಪಕ್ಕಕ್ಕೆ ಸರಿಸಿದರು. ಕೀಬೋರ್ಡನ್ನು ಅವಳ ಕಡೆ ತಳ್ಳಿದರು. "ನೀನೇ ಅಳಿಸು. ಆಮೇಲೆ ಇಬ್ಬರೂ ಹೆಡ್ ಮೇಡಂ ಹತ್ತಿರ ಹೋಗೋಣ."

ಹೆಡ್ ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. ಕನ್ನಡಕ ತೆಗೆದು, ಮೆತ್ತಗೆ ಹೇಳಿದರು, "ಈ ಟರ್ಮ್ ಮುಗಿಯೋವರೆಗೆ ಬಿಡುವಿನಲ್ಲಿ ಯಾವ ಮಗುವೂ ಲ್ಯಾಬಿಗೆ ಹೋಗೋ ಹಾಗಿಲ್ಲ." ಅಕ್ಕ ಏನೋ ಹೇಳಲು ಬಾಯಿ ತೆರೆದರು. ಮೇಡಂ ಅವರ ಕಡೆಯೂ ನೋಡಿದರು.

*

ಸೋಮವಾರ ಚೋಟಿ ಎರಡು ಜಡೆಯ ಡೆಸ್ಕಿನ ಹತ್ತಿರ ಹೋಗಿ ನಿಂತಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಅರ್ಧ ಮರೆತುಹೋಯಿತು.

"ಗುರುವಾರದ ಬೆಲ್... ನಾನು ಮಾಡಿದ್ದು. ಇನ್ನು ಹೊಡೆಯಲ್ಲ. ಸಾರಿ."

ಎರಡು ಜಡೆ ಅವಳನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡಳು ಚೋಟಿ. ಹೊಡೆದರೂ ಹೊಡೆಯಬಹುದು.

"ನೀನು ಕಿಟಕಿ ಪಕ್ಕ ಕೂರ್ತೀಯಲ್ಲ," ಎಂದಳು ಅವಳು ಕೊನೆಗೆ. "ನಮ್ಮಪ್ಪ ಬಂದಿದ್ರಾ?"

"ಬಂದಿದ್ರು."

"ಬೇಗ ಹೋಗಿಬಿಟ್ರಾ?"

"ಇಲ್ಲ. ಬೇಲಿ ಹತ್ತಿರಾನೇ ನಿಂತಿದ್ರು. ಕಂಡಕ್ಟರ್ ಸೀಟಿ ಊದೋವರೆಗೂ ಹೋಗಲಿಲ್ಲ."

ಎರಡು ಜಡೆ ತಲೆಯಾಡಿಸಿ, ಪುಸ್ತಕ ತೆರೆದು ಮುಖ ಅದರೊಳಗೆ ಹುದುಗಿಸಿದಳು. ಚೋಟಿ ತನ್ನ ಜಾಗಕ್ಕೆ ಬಂದಳು. ಬುಧವಾರದವರೆಗೆ ಮೂರು ದಿನವೂ ಅವಳು ನಲ್ಲಿಯ ಹತ್ತಿರ ಒಬ್ಬಳೇ ನಿಂತಳು.

ಗುರುವಾರ ಇಪ್ಪತ್ತಾರನೇ ತಾರೀಖು. ಒಂದು ಗಂಟೆಗೆ ಚೋಟಿ ಉಸಿರು ಬಿಗಿಹಿಡಿದು ಸ್ಪೀಕರ್ ನೋಡಿದಳು. ಬೆಲ್ ಆಗಲಿಲ್ಲ. ಎರಡು ಜಡೆ ಆಗಲೇ ಬೇಲಿಯ ಹತ್ತಿರ ಇದ್ದಳು. ಒಂದು ಗಂಟೆ ಐದು ನಿಮಿಷ. ಬಸ್ಸು ಬರಲಿಲ್ಲ. ಏಳು ನಿಮಿಷ. ಒಂಬತ್ತು. ಚೋಟಿ ಅಂಗಳದ ಗೋಡೆ ಗಡಿಯಾರದಿಂದ ರಸ್ತೆಗೆ, ರಸ್ತೆಯಿಂದ ಗಡಿಯಾರಕ್ಕೆ ನೋಡಿದಳು. ಬಾರೋ, ಬೇಗ ಬಾರೋ. ಡಬ್ಬಿ ತೊಳೆಯುವುದು ಅವಳಿಗೆ ಮರೆತೇಹೋಗಿತ್ತು.

ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಬಸ್ಸು ಬಂತು. ಡ್ರೈವರ್ ಓಡುತ್ತಲೇ ಬಂದರು. ಬೇಲಿಯ ಕಿಂಡಿಯಲ್ಲಿ ಬೆರಳು ತೂರಿಸಿ ಮಗಳ ಮೂಗು ಹಿಂಡಿದರು. ಅವಳು ಒಂದೇ ಉಸಿರಿಗೆ ಏನೇನೋ ಹೇಳತೊಡಗಿದಳು. ಮೂರು ವಾರದ ಮಾತು. ಕೈ ತಿರುಗಿಸುತ್ತಾ, ಕುಣಿಯುತ್ತಾ, ಮಧ್ಯೆ ಮಧ್ಯೆ ನಗುತ್ತಾ ಹೇಳುತ್ತಲೇ ಇದ್ದಳು.

ಇನ್ನು ಮೂರೇ ನಿಮಿಷ. ಅಷ್ಟರಲ್ಲಿ ಅದೆಲ್ಲ ಎಲ್ಲಿ ಮುಗಿಯುತ್ತದೆ? ಕ್ರಾನ್ ಒಳಗೆ ಕೂತಿದ್ದಾನೆ, ಪಟ್ಟಿ ನೋಡುತ್ತಿದ್ದಾನೆ. ಅವನಿಗೆ ಬಸ್ಸು ಗೊತ್ತಿಲ್ಲ, ಬೇಲಿ ಗೊತ್ತಿಲ್ಲ.

ಒಂದೂ ಕಾಲು. ಬೆಲ್ ಹೊಡೆಯಿತು.

"ಒಳಗೆ, ಒಳಗೆ!" ಪಿ.ಟಿ. ಸರ್ ಬಾಗಿಲಲ್ಲಿ ಬಂದು ನಿಂತರು. ಮಕ್ಕಳು ಸಾಲಾಗಿ ಒಳಗೆ ಹೋದರು. ಸರ್ ಅವರ ಕಣ್ಣು ನಿಧಾನವಾಗಿ ಬೇಲಿಯ ಕಡೆ ತಿರುಗತೊಡಗಿತು.

ಚೋಟಿ ಸಾಲು ಬಿಟ್ಟು ಅಂಗಳದ ನಟ್ಟನಡುವೆ ಬಂದಳು. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಶೂ ಲೇಸ್ ಬಿಚ್ಚಿದಳು.

"ಏಯ್, ನ್ಯೂ ಅಡ್ಮಿಷನ್! ಬೆಲ್ ಕೇಳಿಸಲಿಲ್ವಾ?"

"ಕೇಳಿಸ್ತು ಸರ್. ಲೇಸ್ ಬಿಚ್ಚಿಹೋಗಿದೆ ಸರ್."

ಬಾಗಿಲಲ್ಲಿ, ಕಿಟಕಿಗಳಲ್ಲಿ ಮಕ್ಕಳ ತಲೆಗಳು ಕಂಡವು. ಇಡೀ ಶಾಲೆ ಅವಳನ್ನೇ ನೋಡುತ್ತಿತ್ತು. ಅಂಗಳದ ಮಧ್ಯೆ ಅವಳೊಬ್ಬಳೇ. ಮುಖ ಬಿಸಿಯಾಯಿತು, ಆದರೂ ಅವಳು ಏಳಲಿಲ್ಲ. ಒಂದು ಗಂಟು ಹಾಕಿದಳು. ಸರಿಬರಲಿಲ್ಲ ಎಂಬಂತೆ ಬಿಚ್ಚಿದಳು. ಹಿಂದೆ ಬೇಲಿಯ ಹತ್ತಿರ ಎರಡು ಜಡೆ ಇನ್ನೂ ಮಾತಾಡುತ್ತಿದ್ದಳು. ಅವಳ ಅಪ್ಪ ಜೋರಾಗಿ ನಕ್ಕಿದ್ದು ಕೇಳಿಸಿತು.

"ಎಷ್ಟು ಹೊತ್ತು ನಿಂದು?" ಸರ್ ಬಾಗಿಲು ಬಿಟ್ಟು ಅವಳ ಕಡೆಗೇ ಬರತೊಡಗಿದರು.

"ಆಯ್ತು ಸರ್, ಆಯ್ತು," ಎಂದಳು ಚೋಟಿ. ಆಮೇಲೆ ಇನ್ನೊಂದು ಕಾಲಿನ ಲೇಸನ್ನೂ ಬಿಚ್ಚಿದಳು.